ಹಗಲು ಎಡಿಟಿಂಗ್, ರಾತ್ರಿ ಗೇಮ್: ಒಂದೇ ಕಂಪ್ಯೂಟರಿಗೆ ಬಿಡಿಭಾಗ ಆರಿಸುವ ಬಗೆ

ಇತ್ತೀಚೆಗೆ ಕುಮಟಾ ಕಡೆಯ ಅಣ್ಣತಮ್ಮಂದಿರಿಬ್ಬರಿಗೆ ಕಂಪ್ಯೂಟರ್ ಜೋಡಿಸಿಕೊಟ್ಟೆ. ಅಣ್ಣನದು ವಿಡಿಯೊ ಕೆಲಸ. ಮದುವೆ, ಉಪನಯನ, ಗೃಹಪ್ರವೇಶ. ಮೇಳಗಳ ತಿರುಗಾಟ ಶುರುವಾದರೆ ಯಕ್ಷಗಾನ. ತಮ್ಮನದು ಕಾಲೇಜು, ರಾತ್ರಿ ಹತ್ತರ ಮೇಲೆ ಗೇಮ್. ದುಡ್ಡು ಹಾಕುವವನು ಅಣ್ಣ, ಬಿಡಿಭಾಗಗಳ ಪಟ್ಟಿ ಹಿಡಿದು ಬಂದವನು ತಮ್ಮ. ಪಟ್ಟಿಯ ಅರ್ಧಕ್ಕಿಂತ ಹೆಚ್ಚು ಹಣ ಗ್ರಾಫಿಕ್ಸ್ ಕಾರ್ಡ್ ಒಂದಕ್ಕೇ ಹೋಗಿತ್ತು. ಪವರ್ ಸಪ್ಲೈ ಎಂಬ ಸಾಲಿನ ಎದುರು ‘ಯಾವುದಾದರೂ’ ಎಂದು ಬರೆದಿತ್ತು. ಮೂಗಿಗಿಂತ ಮೂಗುತಿ ಭಾರ ಅನ್ನುವುದು ಇದಕ್ಕೇ.

ಆ ಪಟ್ಟಿಯನ್ನು ಮಡಿಚಿಟ್ಟು ನಾವು ಬೇರೆ ತುದಿಯಿಂದ ಶುರು ಮಾಡಿದೆವು. ಅದೇ ಕ್ರಮದಲ್ಲಿ ಇಲ್ಲಿ ಬರೆದಿದ್ದೇನೆ. ರೂಪಾಯಿ ಲೆಕ್ಕ ಕೊಟ್ಟಿಲ್ಲ. ಈ ಸರಕಿನ ಬೆಲೆ ವಾರಕ್ಕೊಮ್ಮೆ ಬದಲಾಗುತ್ತದೆ, ಇಂದು ಬರೆದದ್ದು ನೀವು ಅಂಗಡಿಗೆ ಹೋಗುವ ಹೊತ್ತಿಗೆ ಸುಳ್ಳಾಗಿರುತ್ತದೆ.

ಮೊದಲು ನಿಮ್ಮ ಫೈಲ್ ಓದಿ

ಎಡಿಟಿಂಗ್ ಮಾಡುವವರು ‘ಫೋರ್‌ಕೆ ಕಟ್ ಮಾಡಬೇಕು’ ಎಂದಷ್ಟೇ ಹೇಳಿದರೆ ಸಾಲದು. ಫೋರ್‌ಕೆಯಲ್ಲೂ ಹಲವು ಜಾತಿ ಇವೆ. ಮೀಡಿಯಾಇನ್ಫೊ ಎಂಬ ಉಚಿತ ತಂತ್ರಾಂಶ ಹಾಕಿಕೊಂಡು ನಿಮ್ಮ ಕ್ಯಾಮೆರಾದ ಒಂದು ಕ್ಲಿಪ್ ತೆರೆಯಿರಿ. ನಾಲ್ಕು ಸಂಗತಿ ಬರೆದುಕೊಳ್ಳಿ: ಕೋಡೆಕ್ (ವಿಡಿಯೊ ಹಿಂಡಿ ಚಿಕ್ಕದಾಗಿಸುವ ವಿಧಾನ) ಎಚ್.264 ಇದೆಯೋ ಎಚ್.265 ಇದೆಯೋ, ಬಣ್ಣದ ಆಳ 8 ಬಿಟ್ಟೋ 10 ಬಿಟ್ಟೋ, ಬಣ್ಣದ ಮಾದರಿ 4:2:0 ಇದೆಯೋ 4:2:2 ಇದೆಯೋ, ಬಿಟ್‌ರೇಟ್, ಅಂದರೆ ಸೆಕೆಂಡಿಗೆ ತುಂಬುವ ದತ್ತಾಂಶ, ಎಷ್ಟು.

ಬಿಟ್‌ರೇಟ್ ಗೊತ್ತಾದರೆ ಜಾಗದ ಲೆಕ್ಕ ಕೈಬೆರಳಲ್ಲೇ ಆಗುತ್ತದೆ. ಸೆಕೆಂಡಿಗೆ 100 ಮೆಗಾಬಿಟ್ ಎಂದರೆ 12.5 ಮೆಗಾಬೈಟ್, ಗಂಟೆಗೆ 45 ಜಿಬಿ. ಯಕ್ಷಗಾನದ ಕಾಲಮಿತಿಯ ಆಟ ನಾಲ್ಕು ಗಂಟೆ ಎಂದಿಟ್ಟುಕೊಂಡರೂ ಎರಡು ಕ್ಯಾಮೆರಾಕ್ಕೆ 360 ಜಿಬಿ. ಇಡೀ ರಾತ್ರಿಯ ಆಟವಾದರೆ, ಎಂಟು ಗಂಟೆಗೆ 720 ಜಿಬಿ. ತಮ್ಮನ ಪಟ್ಟಿಯಲ್ಲಿದ್ದದ್ದು 1 ಟಿಬಿಯ ಒಂದೇ ಎಸ್‌ಎಸ್‌ಡಿ. ಅದರಲ್ಲಿ ವಿಂಡೋಸ್ ಇರಬೇಕು, 100 ಜಿಬಿ ದಾಟುವ ಗೇಮ್‌ಗಳು ಇರಬೇಕು, ಉಳಿದ ಜಾಗದಲ್ಲಿ ಭಾಗವತರು ಮಂಗಳ ಹಾಡಬೇಕು!

ಜಾಗಕ್ಕಿಂತ ಹೆಚ್ಚಾಗಿ ತಲೆ ಕೆಡಿಸಿಕೊಳ್ಳಬೇಕಾದದ್ದು 4:2:2ರ ಬಗ್ಗೆ. ಎಡಿಟಿಂಗ್‌ನಲ್ಲಿ ಕ್ಲಿಪ್ ಜೋಡಿಸುವ ಟೈಮ್‌ಲೈನ್ ಸರಾಗವಾಗಿ ಓಡುವುದು ಪ್ರೊಸೆಸರ್ ಬಲದಿಂದ ಮಾತ್ರವಲ್ಲ, ವಿಡಿಯೊ ಬಿಚ್ಚುವ ಪ್ರತ್ಯೇಕ ಸರ್ಕ್ಯೂಟ್ ಚಿಪ್‌ನೊಳಗೆ ಇದ್ದರೆ. 8 ಬಿಟ್ 4:2:0 ಫೈಲನ್ನು ಈಚಿನ ಎಲ್ಲ ಗ್ರಾಫಿಕ್ಸ್ ಕಾರ್ಡ್‌ಗಳೂ ಬಿಚ್ಚುತ್ತವೆ. ಈಚಿನ ಮಿರರ್‌ಲೆಸ್ ಕ್ಯಾಮೆರಾಗಳು ಕೊಡುವ 10 ಬಿಟ್ 4:2:2 ಹಾಗಲ್ಲ. ಎಚ್.265ನಲ್ಲಿರುವ ಈ ಬಗೆಯ ಫೈಲನ್ನು ಇಂಟೆಲ್ ತನ್ನ 11ನೇ ತಲೆಮಾರಿನಿಂದ ಕ್ವಿಕ್ ಸಿಂಕ್ ಎಂಬ ಅಂಥದೇ ಸರ್ಕ್ಯೂಟ್ ಮೂಲಕ ಬಿಚ್ಚುತ್ತಿದೆ. ಎನ್ವಿಡಿಯಾಕ್ಕೆ ಅದು ದಕ್ಕಿದ್ದು 2025ರಲ್ಲಿ ಬಂದ ಆರ್‌ಟಿಎಕ್ಸ್ 50 ಸರಣಿಯಲ್ಲಿ. ಆರ್‌ಟಿಎಕ್ಸ್ 40 ಸರಣಿಯ ದುಬಾರಿ ಕಾರ್ಡ್ ಇದ್ದರೂ ಈ ಫೈಲಿನ ಭಾರವೆಲ್ಲ ಪ್ರೊಸೆಸರ್ ತಲೆಯ ಮೇಲೇ ಬೀಳುತ್ತದೆ. ‘ಇಷ್ಟು ದುಡ್ಡು ಸುರಿದರೂ ಟೈಮ್‌ಲೈನ್ ತಡವರಿಸುತ್ತದೆ’ ಎಂದು ಗೋಳಾಡುವವರಲ್ಲಿ ಅನೇಕರ ಕಾಯಿಲೆ ಇದು.

ಅಣ್ಣನ ಹಳೆಯ ಕ್ಯಾಮೆರಾ 8 ಬಿಟ್, ಹೊಸದು 10 ಬಿಟ್ 4:2:2. ಹೀಗಾಗಿ ನಮ್ಮ ಆಯ್ಕೆ ಆಗಲೇ ಎರಡಕ್ಕೆ ಇಳಿದಿತ್ತು: ಇಂಟೆಲ್ ಪ್ರೊಸೆಸರ್, ಇಲ್ಲವೇ ಆರ್‌ಟಿಎಕ್ಸ್ 50 ಕಾರ್ಡ್. ಇನ್ನೂ ಒಂದು ಅಂಗಡಿಯ ಮೆಟ್ಟಿಲು ಹತ್ತಿರಲಿಲ್ಲ.

ಪೆಟ್ಟಿಗೆಯ ಹೊರಗಿನ ಖರ್ಚು

ಮಾನಿಟರ್, ಯುಪಿಎಸ್, ವಿಂಡೋಸ್ ಲೈಸೆನ್ಸ್, ಹಳೆಯ ಕೆಲಸ ಇಡಲು ಹಾರ್ಡ್‌ಡಿಸ್ಕ್. ಇವನ್ನು ಮೊದಲೇ ತೆಗೆದಿಡಿ. ‘ಆಮೇಲೆ ನೋಡೋಣ’ ಎಂದರೆ ಆ ಆಮೇಲೆ ಬರುವುದಿಲ್ಲ. ಮಿಕ್ಕ ಹಣದಲ್ಲಿ ಮೂರನೇ ಒಂದು ಪಾಲಿನಿಂದ ಶೇ 40ರವರೆಗೆ ಗ್ರಾಫಿಕ್ಸ್ ಕಾರ್ಡಿಗೆ ಕೊಡಬಹುದು. ಬರೀ ಗೇಮ್ ಆಡುವವರು ಇದನ್ನು ಅರ್ಧಕ್ಕೆ ಒಯ್ದರೂ ನಡೆಯುತ್ತದೆ. ಎರಡೂ ಕೆಲಸ ಮಾಡುವ ಯಂತ್ರದಲ್ಲಿ ಬೇಡ.

ಪ್ರೊಸೆಸರ್

ಆಟಕ್ಕೆ ಆರು ಕೋರ್ ಸಾಕು, ಎಡಿಟಿಂಗ್‌ಗೆ ಎಂಟು ಇದ್ದರೆ ಹಿತ. ಅದರ ಮೇಲಿನದು ಕೆಲಸದ ಪ್ರಮಾಣಕ್ಕೆ ಬಿಟ್ಟದ್ದು.

ಎಎಂಡಿಯ ಎಎಂ5 ಸಾಕೆಟ್ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) 2022ರಲ್ಲಿ ರೈಜೆನ್ 7000 ಸರಣಿಯೊಂದಿಗೆ ಬಂತು. 2027 ಮತ್ತು ಅದರ ಆಚೆಗೂ ಈ ಸಾಕೆಟ್ಟನ್ನು ಬಿಡುವುದಿಲ್ಲ ಎಂದು ಕಂಪನಿ ಹೇಳಿದೆ. ಅಂದರೆ ಇಂದು ಮಧ್ಯಮ ಪ್ರೊಸೆಸರ್ ಕೊಂಡು, ಮೂರು ವರ್ಷದ ಮೇಲೆ ಬೋರ್ಡ್ ಬದಲಿಸದೆ ದೊಡ್ಡದು ಕೂರಿಸಬಹುದು. ನಮ್ಮಂಥ ಕಂತು ಕಂತಿನಲ್ಲಿ ಮನೆ ಕಟ್ಟುವ ಜನಕ್ಕೆ ಇದು ಒಗ್ಗುತ್ತದೆ. ಇಂಟೆಲ್ ಕಡೆ 2024ರ ಅಕ್ಟೋಬರಿನಲ್ಲಿ ಬಂದ ಕೋರ್ ಅಲ್ಟ್ರಾ 200 ಸರಣಿಗೆ ಬೇರೆಯೇ ಸಾಕೆಟ್. ಅದರಲ್ಲಿನ ಅಲ್ಟ್ರಾ 7 265ಕೆ 20 ಕೋರಿನದು. ಎಡಿಟಿಂಗ್‌ಗೆ ಗಟ್ಟಿ ಕುಳ, ಜೊತೆಗೆ ಕ್ವಿಕ್ ಸಿಂಕ್. ದಿನವಿಡೀ ಪ್ರೀಮಿಯರ್ ಎಂಬ ಎಡಿಟಿಂಗ್ ತಂತ್ರಾಂಶದಲ್ಲೇ ಕೂರುವವರು, ಗೇಮ್ ಎಂದರೆ ವಾರಕ್ಕೊಮ್ಮೆ ಎನ್ನುವವರು ಕಣ್ಣು ಮುಚ್ಚಿ ಆ ಕಡೆ ಹೋಗಬಹುದು. ಆಟದಲ್ಲಿ ಮಾತ್ರ ಎಎಂಡಿಯ 7800ಎಕ್ಸ್3ಡಿಯಂಥವು ಅದಕ್ಕಿಂತ ಮುಂದೆ. ಆದರೆ ಎಕ್ಸ್3ಡಿಗೆ ಕೊಡುವ ಹೆಚ್ಚುವರಿ ದುಡ್ಡು ಎಡಿಟಿಂಗ್‌ಗೆ ದಕ್ಕುವುದಿಲ್ಲ. ಮಧ್ಯಮ ಕಾರ್ಡ್ ಹಾಕಿ 1440ಪಿ ಪರದೆಯಲ್ಲಿ ಆಡುವಾಗ ಆಟದಲ್ಲೂ ವ್ಯತ್ಯಾಸ ಅಷ್ಟಾಗಿ ಕಾಣದು. ಅಲ್ಲಿ ಮೊದಲು ಏದುಸಿರು ಬಿಡುವುದು ಕಾರ್ಡ್.

ಇಂಟೆಲ್ ಕೊಳ್ಳುವವರಿಗೆ ಒಂದು ಅಕ್ಷರದ ಎಚ್ಚರಿಕೆ. ಹೆಸರಿನ ಕೊನೆಯಲ್ಲಿ ‘ಎಫ್’ ಇದ್ದರೆ ಒಳಗಿನ ಗ್ರಾಫಿಕ್ಸ್ ಇಲ್ಲ. ಗ್ರಾಫಿಕ್ಸ್ ಇಲ್ಲದಿದ್ದರೆ ಕ್ವಿಕ್ ಸಿಂಕ್ ಇಲ್ಲ. ‘ಗ್ರಾಫಿಕ್ಸ್ ಕಾರ್ಡ್ ಹೇಗೂ ಹಾಕ್ತೀರಲ್ಲ, ಎಫ್ ತಗೊಳ್ಳಿ ಸಾರ್, ಸೋವಿ’ ಎಂದು ಅಂಗಡಿಯವರು ಹೇಳುವುದು ಗೇಮರ್‌ಗೆ ಸರಿಯಾದ ಸಲಹೆ. ಎಡಿಟರ್ ಕೇಳಿದರೆ ಕೆಟ್ಟ.

ಕಡಿಮೆ ಬೆಲೆಗೆ 13, 14ನೇ ತಲೆಮಾರಿನ ಇಂಟೆಲ್ ಈಗಲೂ ಸಿಗುತ್ತವೆ. ಅವುಗಳಲ್ಲಿ ಮೇಲ್ದರ್ಜೆಯ ಚಿಪ್‌ಗಳು ಹೆಚ್ಚಿನ ವೋಲ್ಟೇಜ್‌ನಿಂದ ಕ್ರಮೇಣ ಹಾಳಾಗಿ ಕ್ರ್ಯಾಶ್ ಆಗುತ್ತಿದ್ದದ್ದು 2024ರಲ್ಲಿ ದೊಡ್ಡ ಸುದ್ದಿಯಾಗಿತ್ತು. ಇಂಟೆಲ್ ಮೈಕ್ರೊಕೋಡ್ ತಿದ್ದುಪಡಿ ಬಿಟ್ಟಿತು, ವಾರಂಟಿಯನ್ನೂ ಎರಡು ವರ್ಷ ಹಿಗ್ಗಿಸಿತು. ಹೊಸದು ಕೊಂಡು ಮೊದಲ ದಿನವೇ ಬಯಾಸ್ (ಬೋರ್ಡಿನೊಳಗಿನ ಮೂಲ ತಂತ್ರಾಂಶ) ಅಪ್‌ಡೇಟ್ ಮಾಡಿದರೆ ಭಯವಿಲ್ಲ. ಬೇರೆಯವರು ಬಳಸಿ ಬಿಟ್ಟ ಐ7, ಐ9 ಮಾತ್ರ ಬೇಡ. ಅದು ಎಷ್ಟು ತಿಂದಿದೆ ಎಂದು ಹೊರಗಿನಿಂದ ಗೊತ್ತಾಗುವುದಿಲ್ಲ.

ನಾವು ಆರಿಸಿದ್ದು ರೈಜೆನ್ 7 9700ಎಕ್ಸ್. ಎಂಟು ಕೋರ್, 65 ವ್ಯಾಟ್. ಕರಾವಳಿಯ ಸೆಕೆಯಲ್ಲಿ ಕಡಿಮೆ ಬಿಸಿಯಾಗುವ ಚಿಪ್ ಅರ್ಧ ತಲೆನೋವು ತಪ್ಪಿಸುತ್ತದೆ. ಡಬ್ಬಿಯಲ್ಲಿ ಕೂಲರ್ ಬರುವುದಿಲ್ಲ, ಗೋಪುರದಾಕಾರದ ಏರ್ ಕೂಲರ್ ಒಂದನ್ನು ಬೇರೆ ಕೊಳ್ಳಬೇಕು. ವಾಟರ್ ಕೂಲರ್ ಬೇಕೆಂದು ತಮ್ಮ ಹಟ ಹಿಡಿದಿದ್ದ. ದೀಪ ಮಿನುಗುತ್ತದೆ ಎಂಬುದು ಅವನ ಮುಖ್ಯ ವಾದ. 65 ವ್ಯಾಟಿನ ಚಿಪ್ಪಿಗೆ ಅದು ಬೇಕಿಲ್ಲ. ಐದಾರು ವರ್ಷದ ಮೇಲೆ ಏರ್ ಕೂಲರಿನಲ್ಲಿ ಕೆಡುವುದು ಒಂದು ಫ್ಯಾನ್, ವಾಟರ್ ಕೂಲರಿನಲ್ಲಿ ಪಂಪ್.

ಗ್ರಾಫಿಕ್ಸ್ ಕಾರ್ಡ್

ಇಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಮಾಡೆಲ್ ಯಾವುದು ಎಂದಲ್ಲ, ಮೆಮೊರಿ ಎಷ್ಟು ಎಂದು. ಆರ್‌ಟಿಎಕ್ಸ್ 5060 ಟಿಐ ಎಂಬ ಒಂದೇ ಹೆಸರಿನಲ್ಲಿ 8 ಜಿಬಿ, 16 ಜಿಬಿ ಎರಡು ಸರಕು ಇವೆ. ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿಯದ್ದೂ ಅದೇ ಕಥೆ. ಜಾಹೀರಾತಿನ ಆಕರ್ಷಕ ಬೆಲೆ ಸಾಮಾನ್ಯವಾಗಿ 8ರದ್ದು. 1080ಪಿಯಲ್ಲಿ ವ್ಯಾಲರಂಟ್, ಕೌಂಟರ್ ಸ್ಟ್ರೈಕ್ 2 ಆಡಲು 8 ಧಾರಾಳ. ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ತಂತ್ರಾಂಶದಲ್ಲಿ ಫೋರ್‌ಕೆ ಟೈಮ್‌ಲೈನ್ ಮೇಲೆ ನಾಯ್ಸ್ ರಿಡಕ್ಷನ್ (ಕತ್ತಲಿನ ಚಿತ್ರದ ಕಾಳುಗಳನ್ನು ನಯಗೊಳಿಸುವುದು) ಹಾಕಿ ನೋಡಿ. ಗ್ರಾಫಿಕ್ಸ್ ಮೆಮೊರಿ ಸಾಲದು ಎಂಬ ಸಂದೇಶ ಬಂದು ರೆಂಡರ್ (ಅಂತಿಮ ವಿಡಿಯೊ ತಯಾರಿ) ನಿಲ್ಲುವುದುಂಟು. ರಾತ್ರಿಯ ಬಯಲಾಟ, ಕಡಿಮೆ ಬೆಳಕು, ಏರಿಸಿದ ಐಎಸ್‌ಒ. ನಾಯ್ಸ್ ರಿಡಕ್ಷನ್ ಇಲ್ಲದೆ ಅಣ್ಣನ ಕೆಲಸವೇ ಇಲ್ಲ. ಹಾಗಾಗಿ 16 ಜಿಬಿ.

ಎಎಂಡಿಯೋ ಎನ್ವಿಡಿಯಾನೋ? ಬರೀ ಆಟಕ್ಕಾದರೆ 9060 ಎಕ್ಸ್‌ಟಿ 16 ಜಿಬಿಯನ್ನೇ ನಾನು ಹೇಳುತ್ತಿದ್ದೆ, ಕೊಟ್ಟ ದುಡ್ಡಿಗೆ ಹೆಚ್ಚು ಫ್ರೇಮ್. ಎಡಿಟಿಂಗ್ ಸೇರಿದೊಡನೆ ತಕ್ಕಡಿ ವಾಲುತ್ತದೆ. 4:2:2ರ ವಿಷಯ ಆಗಲೇ ಹೇಳಿದೆ. ಅದಲ್ಲದೆ ಪ್ಲಗಿನ್ ಬರೆಯುವವರು, ಎಐ ಉಪಕರಣ ಮಾಡುವವರು ಮೊದಲು ನೋಡುವುದು ಎನ್ವಿಡಿಯಾ ಕಾರ್ಡಿನಲ್ಲಿ ಲೆಕ್ಕ ಮಾಡಿಸುವ ವ್ಯವಸ್ಥೆಯಾದ ಕುಡಾವನ್ನು. ನಾವು 5060 ಟಿಐ 16 ಜಿಬಿ ತೆಗೆದುಕೊಂಡೆವು, 180 ವ್ಯಾಟಿನದು. ಕೈ ಇನ್ನೂ ಹರಿಯುವವರು 12 ಜಿಬಿಯ 5070ಗಿಂತ 16 ಜಿಬಿಯ 5070 ಟಿಐ ತನಕ ಕಾಯುವುದು ಮೇಲು ಎಂದು ನನ್ನ ಅಭಿಪ್ರಾಯ. ಆಟದ ಚಾರ್ಟ್‌ಗಳನ್ನಷ್ಟೇ ನೋಡುವವರು ಇದನ್ನು ಒಪ್ಪಲಿಕ್ಕಿಲ್ಲ.

ಯುಟ್ಯೂಬ್‌ನ ಗೇಮ್ ಬೆಂಚ್‌ಮಾರ್ಕ್ ನೋಡಿ ಎಡಿಟಿಂಗ್ ಕಾರ್ಡ್ ಕೊಳ್ಳಬೇಡಿ. ರಿಸಾಲ್ವ್ ಕಾರ್ಡನ್ನು ಹಿಂಡುತ್ತದೆ, ಪ್ರೀಮಿಯರ್ ಪ್ರೊಸೆಸರ್ ಮತ್ತು ಕಾರ್ಡ್ ಎರಡನ್ನೂ ಕೇಳುತ್ತದೆ, ಆಫ್ಟರ್ ಎಫೆಕ್ಟ್ಸ್‌ಗೆ ಎಷ್ಟು ರ‍್ಯಾಮ್ ಕೊಟ್ಟರೂ ಹಸಿವೆ.

ರ‍್ಯಾಮ್

ಈಗ ಇದೇ ನೋವಿನ ಜಾಗ. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳತೊಡಗಿದ ಮೇಲೆ, 2025ರ ಕೊನೆಯ ತಿಂಗಳುಗಳಿಂದ ಡಿಡಿಆರ್5 ಬೆಲೆ ಗಗನಕ್ಕೇರಿತು. ಹಿಂದೆ ಕಣ್ಣು ಮಿಟುಕಿಸದೆ ‘64 ಹಾಕಿ’ ಎನ್ನುತ್ತಿದ್ದೆ. ಈಗ 32 ಜಿಬಿ ಹಾಕಿ ಎನ್ನುತ್ತೇನೆ. ಆಟಕ್ಕೆ ಸಾಕು, ಎರಡು ಕ್ಯಾಮೆರಾದ ಫೋರ್‌ಕೆ ಮಲ್ಟಿಕ್ಯಾಮ್‌ಗೂ ನಡೆಯುತ್ತದೆ.

‘ಈಗ 16ರದ್ದು ಎರಡು, ಮುಂದೆ ಇನ್ನೆರಡು’ ಎಂಬ ಲೆಕ್ಕ ಮಾತ್ರ ಹಾಕಬೇಡಿ. ಡಿಡಿಆರ್5ನಲ್ಲಿ ನಾಲ್ಕು ಕಡ್ಡಿ ತುಂಬಿದರೆ ವೇಗ ಧೊಪ್ಪನೆ ಇಳಿಯುತ್ತದೆ, ಕೆಲವೊಮ್ಮೆ ಯಂತ್ರ ಏಳುವುದೇ ಇಲ್ಲ. ಜೋಡಿಯಾಗಿ ಒಂದೇ ಪೊಟ್ಟಣದಲ್ಲಿ ಬಂದ ಎರಡು ಕಡ್ಡಿಯಷ್ಟೇ ಹಾಕಿ. ರೈಜೆನ್‌ಗೆ 6000 ವೇಗದ, ಸಿಎಲ್30 ಎಂದು ಬರೆದದ್ದು ಚೆನ್ನಾಗಿ ಹೊಂದುತ್ತದೆ. ಸಿಎಲ್36 ಅಗ್ಗವಾಗಿ ಸಿಕ್ಕರೆ ಅದನ್ನೇ ತನ್ನಿ, ಟೈಮ್‌ಲೈನ್‌ಗೆ ಗೊತ್ತಾಗುವುದಿಲ್ಲ.

ಬೋರ್ಡ್

ಬಿ650 ಅಥವಾ ಬಿ850 ಚಿಪ್‌ಸೆಟ್. ಎಸ್‌ಎಸ್‌ಡಿ ಕೂರಿಸುವ ಎಂ.2 ಜಾಗ ಕನಿಷ್ಠ ಎರಡು. ಪ್ರೊಸೆಸರ್ ಇಲ್ಲದೆಯೂ ಪೆನ್‌ಡ್ರೈವ್‌ನಿಂದ ಬಯಾಸ್ ಅಪ್‌ಡೇಟ್ ಮಾಡುವ ಬಟನ್ ಇದ್ದರೆ ಒಳ್ಳೆಯದು, ಏಕೆಂದರೆ ಅಂಗಡಿಯ ಕಪಾಟಿನಲ್ಲಿ ಎರಡು ವರ್ಷ ಕೂತ ಬಿ650 ಬೋರ್ಡ್ ಹೊಸ ಪ್ರೊಸೆಸರನ್ನು ಗುರುತಿಸದೇ ಇರಬಹುದು. ಇದರಾಚೆ ಬೋರ್ಡಿಗೆ ಸುರಿಯುವ ದುಡ್ಡು ಬಹುಪಾಲು ಅಲಂಕಾರಕ್ಕೆ.

ಸ್ಟೋರೇಜ್: ಮೂರು ಬೇರೆ ಜಾಗ

ಅಡುಗೆಮನೆ, ಉಗ್ರಾಣ, ಅಟ್ಟ ಬೇರೆ ಬೇರೆ ಇರುವ ಹಾಗೆ.

ಮೊದಲನೆಯದು ವಿಂಡೋಸ್, ತಂತ್ರಾಂಶ, ಗೇಮ್‌ಗಳಿಗೆ 1 ಟಿಬಿ ಎನ್‌ವಿಎಂಇ (ಎಂ.2 ಜಾಗದಲ್ಲಿ ಕೂರುವ ವೇಗದ ಎಸ್‌ಎಸ್‌ಡಿ). ಎರಡನೆಯದು ನಡೆಯುತ್ತಿರುವ ಕೆಲಸದ ಫೂಟೇಜ್‌ಗೆ 2 ಟಿಬಿ ಎನ್‌ವಿಎಂಇ. ಮೂರನೆಯದು ಮುಗಿದ ಕೆಲಸಕ್ಕೆ ಹಾರ್ಡ್‌ಡಿಸ್ಕ್. ಎರಡು ಎಸ್‌ಎಸ್‌ಡಿ ಬೇರೆ ಬೇರೆ ಏಕೆಂದರೆ, ತಮ್ಮ ಗೇಮ್ ಮೇಲೆ ಗೇಮ್ ಹಾಕಿ ಡ್ರೈವ್ ತುಂಬಿಸಿದ ರಾತ್ರಿ ಅಣ್ಣನ ರೆಂಡರ್ ನಿಲ್ಲಬಾರದು. ಇದು ತಾಂತ್ರಿಕ ಕಾರಣಕ್ಕಿಂತ ಕೌಟುಂಬಿಕ ಕಾರಣ.

ಡಬ್ಬಿಯ ಮೇಲೆ ಬರೆದ ವೇಗಕ್ಕೆ ಮರುಳಾಗಬೇಡಿ. ಜೆನ್4 (ನಾಲ್ಕನೇ ತಲೆಮಾರಿನ) ಡ್ರೈವ್ ಸೆಕೆಂಡಿಗೆ 7000 ಮೆಗಾಬೈಟ್ ಓದುತ್ತದೆ ಎಂದಿರುತ್ತದೆ. ನಿಮ್ಮ ಎರಡು ಕ್ಯಾಮೆರಾದ ಟೈಮ್‌ಲೈನ್ ಕೇಳುವುದು 25 ಮೆಗಾಬೈಟ್! ವೇಗ ಬೇಕಾಗುವುದು ದೊಡ್ಡ ಫೈಲ್ ಒಂದೇ ಸಮನೆ ತುಂಬುವಾಗ. ಅಗ್ಗದ ಕ್ಯೂಎಲ್‌ಸಿ ಡ್ರೈವ್‌ಗಳು ಮೊದಲ ಒಂದಷ್ಟು ಜಿಬಿಯನ್ನು ಗಬಗಬನೆ ನುಂಗಿ, ಕ್ಯಾಶ್ ತುಂಬಿದೊಡನೆ ಹಾರ್ಡ್‌ಡಿಸ್ಕ್ ವೇಗಕ್ಕೆ ಕುಸಿಯುತ್ತವೆ. ಫೂಟೇಜ್ ಡ್ರೈವ್‌ಗೆ ಟಿಎಲ್‌ಸಿ ಮಾದರಿಯನ್ನೇ ಕೇಳಿ. ಜೆನ್5 ಬೇಡ, ಬಿಸಿಯೂ ಹೆಚ್ಚು, ಬೆಲೆಯೂ ಹೆಚ್ಚು.

ನಿಜವಾಗಿ ಸಮಯ ತಿನ್ನುವ ಜಾಗವನ್ನು ಯಾರೂ ನೋಡುವುದಿಲ್ಲ: ಮೆಮೊರಿ ಕಾರ್ಡ್ ರೀಡರ್. ಯುಎಚ್‌ಎಸ್-1 ಕಾರ್ಡ್‌ಗಳು ಸೆಕೆಂಡಿಗೆ ಸುಮಾರು 90 ಮೆಗಾಬೈಟ್ ಕೊಡುತ್ತವೆ. ಆ ಲೆಕ್ಕದಲ್ಲಿ 360 ಜಿಬಿ ಇಳಿಸಲು ಒಂದು ಗಂಟೆಗೂ ಮೇಲೆ. ಅದನ್ನೇ ಹಳೆಯ ಯುಎಸ್‌ಬಿ 2.0 ರೀಡರಿಗೆ ಚುಚ್ಚಿದರೆ ಎರಡೂವರೆ ಗಂಟೆ ದಾಟುತ್ತದೆ. ಬೆಳಗಿನ ಜಾವ ಯಕ್ಷಗಾನ ಮುಗಿಸಿ ಬಂದವನಿಗೆ ಆ ಒಂದೂವರೆ ಗಂಟೆಯ ನಿದ್ದೆಯ ಬೆಲೆ ಗೊತ್ತು. ಒಳ್ಳೆಯ ಯುಎಸ್‌ಬಿ 3 ರೀಡರ್ ಈ ಇಡೀ ಯಂತ್ರದಲ್ಲಿ ಅತಿ ಅಗ್ಗದ, ಅತಿ ಉಪಕಾರಿ ವಸ್ತು.

ಹಾರ್ಡ್‌ಡಿಸ್ಕ್ ಕೊಳ್ಳುವಾಗ ಸಿಎಂಆರ್ ಎಂದು ನಮೂದಿಸಿದ್ದನ್ನು ಆರಿಸಿ, ಎಸ್‌ಎಂಆರ್ ಮಾದರಿ ಬರೆಯುವಾಗ ತೆವಳುತ್ತದೆ. ಕ್ಯಾಬಿನೆಟ್ಟಿನಲ್ಲಿ 3.5 ಇಂಚಿನ ಡಿಸ್ಕ್ ಕೂರುವ ಜಾಗ ಇದೆಯೇ ಎಂದೂ ನೋಡಿಕೊಳ್ಳಿ. ಗಾಜಿನ ಗೋಡೆಯ ಎಷ್ಟೋ ಹೊಸ ಕ್ಯಾಬಿನೆಟ್‌ಗಳಲ್ಲಿ ಒಂದೋ ಎರಡೋ ಮಾತ್ರ. ಮದುವೆಯ ಫೂಟೇಜ್ ಒಂದೇ ಡಿಸ್ಕಿನಲ್ಲಿ ಇಡುವುದು ಬೇಡ. ಇನ್ನೊಂದು ಪ್ರತಿ ಹೊರಗಿನ ಡಿಸ್ಕಿನಲ್ಲಿ, ಸಾಧ್ಯವಾದರೆ ಇನ್ನೊಂದು ಮನೆಯಲ್ಲಿ. ತಾಳಿ ಕಟ್ಟುವ ಶಾಟ್ ಎರಡನೇ ಸಲ ತೆಗೆಯಲಾಗುವುದಿಲ್ಲ.

ಕರೆಂಟು

ಇಲ್ಲಿ ಸ್ವಲ್ಪ ಹೊತ್ತು ಕೂರುತ್ತೇನೆ, ಕೈ ಸುಟ್ಟುಕೊಂಡ ಜಾಗ ಇದು.

ಹತ್ತು ವರ್ಷದ ಹಿಂದೆ ನನ್ನ ಮೊದಲ ಯಂತ್ರಕ್ಕೆ ಕ್ಯಾಬಿನೆಟ್ ಜೊತೆ ‘ಫ್ರೀ’ ಬಂದ ಪವರ್ ಸಪ್ಲೈ ಇತ್ತು. 450 ವ್ಯಾಟ್ ಎಂದು ಚೀಟಿ ಅಂಟಿಸಿದ್ದರು. ಒಂದು ಸಂಜೆ ಕರೆಂಟು ಹೋಗಿ ಬಂತು, ಟಪ್ ಎಂದಿತು, ಮೀನು ಹುರಿದ ವಾಸನೆ. ಅದು ಒಂಟಿಯಾಗಿ ಸಾಯಲಿಲ್ಲ. ಬೋರ್ಡನ್ನೂ ಹಾರ್ಡ್‌ಡಿಸ್ಕನ್ನೂ ಜೊತೆಗೆ ಕರೆದೊಯ್ದಿತು.

ಲೆಕ್ಕ ಹೀಗೆ. ಕಾರ್ಡ್ 180 ವ್ಯಾಟ್, ಪ್ರೊಸೆಸರ್ ಹೆಚ್ಚೆಂದರೆ 90ರ ಹತ್ತಿರ, ಬೋರ್ಡ್, ಡಿಸ್ಕ್, ಫ್ಯಾನ್ ಎಲ್ಲ ಸೇರಿ ಇನ್ನೊಂದು 60ರಿಂದ 80. ಒಟ್ಟು 350. ಕ್ಷಣಮಾತ್ರದ ಏರಿಕೆಗೆ, ಮುಂದಿನ ದೊಡ್ಡ ಕಾರ್ಡಿಗೆ ಜಾಗ ಬಿಟ್ಟು 650 ವ್ಯಾಟ್ ತಂದೆವು. 80 ಪ್ಲಸ್ ಬ್ರಾಂಜ್, ಗೋಲ್ಡ್ ಎಂಬ ಬಿಲ್ಲೆಗಳು ಎಷ್ಟು ಕರೆಂಟು ಶಾಖವಾಗಿ ಪೋಲಾಗುತ್ತದೆ ಎಂದಷ್ಟೇ ಹೇಳುತ್ತವೆ. ಒಳಗಿನ ಮಾಲು ಗಟ್ಟಿಯೋ ಎಂದಲ್ಲ. ವಾರಂಟಿ ವರ್ಷ ನೋಡುವುದು ಅದಕ್ಕಿಂತ ನಂಬಿಕಸ್ತ ಅಳತೆ. ಏಳು, ಹತ್ತು ವರ್ಷ ಕೊಡುವ ಕಂಪನಿ ಸುಮ್ಮನೆ ಕೊಡುವುದಿಲ್ಲ. ದೊಡ್ಡ ಕಾರ್ಡ್‌ಗಳ 16 ಪಿನ್ನಿನ ಕನೆಕ್ಟರ್ ಇದ್ದರೆ ಅದನ್ನು ಪೂರ್ತಿ ಒಳಗೆ ಒತ್ತಿ, ಬುಡದಲ್ಲೇ ಬಗ್ಗಿಸಬೇಡಿ. ಅರೆಬರೆ ಕೂತ ಪ್ಲಗ್ ಕರಗಿದ್ದುಂಟು.

ಇನ್ನು ಯುಪಿಎಸ್. ಅಂಗಡಿಯಲ್ಲಿ ಎಲ್ಲಕ್ಕೂ ಕೊಡುವುದು 600 ವಿಎ. ವಿಎ ಬೇರೆ, ವ್ಯಾಟ್ ಬೇರೆ. ಆ ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ 360 ವ್ಯಾಟ್ ಎಂದಿರುತ್ತದೆ. ನಮ್ಮ ಯಂತ್ರಕ್ಕೆ ಮಾನಿಟರ್ ಸೇರಿಸಿದರೆ ಅದು ಸಾಲದು. ಆಟದ ನಡುವೆ ಕರೆಂಟು ಹೋದರೆ ಯುಪಿಎಸ್ಸೂ ಕೀ ಎಂದು ಕೂಗಿ ಮಲಗುತ್ತದೆ. 1100 ವಿಎ, ಅಂದರೆ ಸುಮಾರು 660 ವ್ಯಾಟಿನದು ಬೇಕು. ಅದು ಕೊಡುವ ಕೆಲವು ನಿಮಿಷ ಕೆಲಸ ಮುಂದುವರಿಸಲು ಅಲ್ಲ, ಸೇವ್ ಮಾಡಿ ಮುಚ್ಚಲು.

ಅರ್ಥಿಂಗ್ ನೋಡಿಸಿ. ಹಳೆಯ ಮನೆಗಳಲ್ಲಿ ಮೂರು ತೂತಿನ ಪ್ಲಗ್ ಇರುತ್ತದೆ, ಮೂರನೆಯದಕ್ಕೆ ತಂತಿಯೇ ಇರುವುದಿಲ್ಲ. ಕ್ಯಾಬಿನೆಟ್ ಮುಟ್ಟಿದರೆ ಬೆರಳಿಗೆ ಚುರುಕ್ ಎನ್ನುವುದು ಅದಕ್ಕೇ. ಮಲೆನಾಡು, ಕರಾವಳಿಯವರಿಗೆ ಇನ್ನೊಂದು ಮಾತು: ಮಳೆ ಹಿಡಿಯುವ ಮುಂಚಿನ ಗುಡುಗು ಮಳೆಯಲ್ಲಿ ಪ್ಲಗ್ ಕಿತ್ತರೆ ಅರ್ಧ ರಕ್ಷಣೆ ಮಾತ್ರ. ನನ್ನ ಎರಡನೇ ಬೋರ್ಡ್ ಹೋದದ್ದು ನೆಟ್‌ವರ್ಕ್ ಕೇಬಲ್ ಮೂಲಕ ಬಂದ ಸಿಡಿಲಿಗೆ, ಪ್ಲಗ್ ಕಿತ್ತಿದ್ದಾಗಲೇ. ಆ ತಂತಿಯನ್ನೂ ಕೀಳಿ, ಇಲ್ಲವೇ ವೈಫೈ ಇರುವ ಬೋರ್ಡ್ ತನ್ನಿ.

ಕ್ಯಾಬಿನೆಟ್

ಮುಂದೆ ಜಾಲರಿ ಇರಲಿ, ಗಾಜು ಬೇಡ. ರಾಯಚೂರು, ಕಲಬುರಗಿಯಲ್ಲಿ ಬೇಸಿಗೆ 40 ಡಿಗ್ರಿ ದಾಟುತ್ತದೆ; ಒಳಗೆ ಬರುವ ಗಾಳಿಯೇ ಅಷ್ಟು ಬಿಸಿ ಇದ್ದರೆ ಮುಚ್ಚಿದ ಪೆಟ್ಟಿಗೆಯಲ್ಲಿ ಕಾರ್ಡ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಕಳಚಿ ತೊಳೆಯುವ ಧೂಳಿನ ಜಾಲರಿ ಇದ್ದರೆ ಇನ್ನೂ ಒಳ್ಳೆಯದು. ಕಾರ್ಡಿನ ಉದ್ದ, ಕೂಲರಿನ ಎತ್ತರ ಎರಡನ್ನೂ ಕ್ಯಾಬಿನೆಟ್ಟಿನ ಅಳತೆಯೊಂದಿಗೆ ಮಿಲಿಮೀಟರಿನಲ್ಲಿ ತಾಳೆ ನೋಡಿ.

ಮಾನಿಟರ್

ಇಬ್ಬರಿಗೂ ಒಪ್ಪುವಂಥದ್ದು 27 ಇಂಚು, 1440ಪಿ, ಐಪಿಎಸ್, 144 ಹರ್ಟ್ಸ್ ಅಥವಾ ಮೇಲೆ. ಅಣ್ಣನಿಗಾಗಿ ಎಸ್‌ಆರ್‌ಜಿಬಿ ಎಂಬ ಬಣ್ಣದ ಮಾನಕದ ವ್ಯಾಪ್ತಿ ಶೇ 99 ಎಂದಿರಬೇಕು, ಮತ್ತು ಎಸ್‌ಆರ್‌ಜಿಬಿ ಮೋಡ್ ಇರಬೇಕು. ಗೇಮಿಂಗ್ ಮಾನಿಟರ್‌ಗಳು ಬಣ್ಣವನ್ನು ಉಬ್ಬಿಸಿ ತೋರಿಸುತ್ತವೆ. ಅದನ್ನು ನಂಬಿ ವೇಷದ ಕೆಂಪನ್ನು ತಗ್ಗಿಸಿದರೆ, ನೋಡುವವರ ಫೋನಿನಲ್ಲಿ ಬಣ್ಣದ ವೇಷ ಕಾಹಿಲೆ ಬಿದ್ದಂತೆ ಕಾಣುತ್ತದೆ.

ಕೊಳ್ಳುವ ದಿನ

ಬೆಂಗಳೂರಿನ ಎಸ್‌ಪಿ ರಸ್ತೆಗೆ ಹೋಗುವುದಾದರೆ ಹಿಂದಿನ ರಾತ್ರಿ ಎರಡು ಮೂರು ಆನ್‌ಲೈನ್ ಅಂಗಡಿಯ ಬೆಲೆ ಬರೆದುಕೊಂಡು ಹೋಗಿ. ಮೊದಲ ಅಂಗಡಿಯಲ್ಲೇ ಕೊಳ್ಳಬೇಡಿ. ನಿಮ್ಮ ಪಟ್ಟಿಯ ಒಂದು ವಸ್ತು ‘ಸ್ಟಾಕ್ ಇಲ್ಲ, ಇದು ಅದಕ್ಕಿಂತ ಬೆಸ್ಟು’ ಎಂಬ ಮಾತು ಬಂದೇ ಬರುತ್ತದೆ. ಅದು ಸಾಮಾನ್ಯವಾಗಿ ಪವರ್ ಸಪ್ಲೈ ಅಥವಾ ಎಸ್‌ಎಸ್‌ಡಿ. ಅಲ್ಲಿ ಬಗ್ಗಬೇಡಿ, ಪಕ್ಕದ ಅಂಗಡಿಗೆ ನಡೆಯಿರಿ.

ಬಿಲ್ಲಿಲ್ಲದೆ ಕಡಿಮೆಗೆ ಕೊಡುತ್ತೇವೆ ಎಂದರೆ ಬೇಡ ಎನ್ನಿ. ಜಿಎಸ್‌ಟಿ ಶೇ 18. ಅದು ಉಳಿತಾಯದಂತೆ ಕಂಡರೂ ವಾರಂಟಿಗೆ ಕೇಳುವುದು ಬಿಲ್ಲನ್ನೇ. ಪ್ರತಿ ವಸ್ತುವಿನ ಸೀರಿಯಲ್ ನಂಬರ್ ಬಿಲ್ಲಿನ ಮೇಲೆ ಬರೆಸಿ. ಅಣ್ಣನಂತೆ ವ್ಯಾಪಾರಕ್ಕೆ ಜಿಎಸ್‌ಟಿ ನೋಂದಣಿ ಇದ್ದವರು ಆ ಸಂಖ್ಯೆಯನ್ನೂ ಬಿಲ್ಲಿಗೆ ಸೇರಿಸಿದರೆ ಕಟ್ಟಿದ ತೆರಿಗೆಯನ್ನು ಲೆಕ್ಕದಲ್ಲಿ ವಾಪಸ್ ಪಡೆಯಲು ದಾರಿ ಇದೆ. ಪ್ರೊಸೆಸರ್ ಡಬ್ಬಿ ಸೀಲ್ ಆಗಿರಬೇಕು. ಡಬ್ಬಿಯಿಲ್ಲದ ‘ಟ್ರೇ’ ಮಾಲಿಗೆ ಕಂಪನಿಯ ವಾರಂಟಿ ಇರುವುದು ಖಾತ್ರಿಯಿಲ್ಲ. ಆನ್‌ಲೈನ್ ತರಿಸಿದರೆ ಪೊಟ್ಟಣ ಬಿಚ್ಚುವುದನ್ನು ಒಂದೇ ಶಾಟ್‌ನಲ್ಲಿ ಚಿತ್ರಿಸಿ. ವಿಡಿಯೊಗ್ರಾಫರ್‌ಗೆ ಇದನ್ನು ಹೇಳಿಕೊಡಬೇಕೇ!

ಜೋಡಿಸಿದ ಮೇಲೆ

ಮೊದಲ ಸಲ ಸ್ವಿಚ್ ಒತ್ತಿದಾಗ ಎಎಂ5 ಯಂತ್ರ ಹಲವು ನಿಮಿಷ ಕಪ್ಪು ಪರದೆ ತೋರಿಸುತ್ತ ಕೂರುತ್ತದೆ. ಅದು ರ‍್ಯಾಮ್ ಜೊತೆ ಪರಿಚಯ ಮಾಡಿಕೊಳ್ಳುತ್ತಿರುತ್ತದೆ. ಗಾಬರಿಯಾಗಿ ಕರೆಂಟು ತೆಗೆಯಬೇಡಿ, ಚಹಾ ಕುಡಿದು ಬನ್ನಿ. ಆಮೇಲೆ ಬಯಾಸ್‌ನಲ್ಲಿ ಎಕ್ಸ್‌ಪೊ ಆನ್ ಮಾಡಿ. ಮಾಡದಿದ್ದರೆ 6000ಕ್ಕೆ ದುಡ್ಡು ಕೊಟ್ಟ ರ‍್ಯಾಮ್ 4800ರಲ್ಲೇ ಓಡುತ್ತಿರುತ್ತದೆ. ಮಾನಿಟರ್ ಕೇಬಲ್ಲನ್ನು ಬೋರ್ಡಿಗಲ್ಲ, ಕಾರ್ಡಿಗೆ ಚುಚ್ಚಿ. ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಹರ್ಟ್ಸ್ ಏರಿಸಿ. 144ರ ಪರದೆಯನ್ನು ವರ್ಷಗಟ್ಟಲೆ 60ರಲ್ಲಿ ನೋಡಿದವರನ್ನು ಬಲ್ಲೆ.

ಒಂದು ರಾತ್ರಿ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಿಸಿ, ಮರುದಿನ ಎರಡು ಗಂಟೆಯ ಫೋರ್‌ಕೆ ರೆಂಡರ್ ಹಾಕಿ, ಆ ಸಂಜೆ ಭಾರದ ಆಟವೊಂದನ್ನು ಆಡಿ, ಎಚ್‌ಡಬ್ಲ್ಯುಇನ್ಫೊದಲ್ಲಿ ಬಿಸಿ ನೋಡಿ. ಕೆಡುವ ಭಾಗ ಬಹಳ ಸಲ ಮೊದಲ ವಾರದಲ್ಲೇ ಕೆಡುತ್ತದೆ. ಅಂಗಡಿಯವರು ತಕರಾರಿಲ್ಲದೆ ಬದಲಿಸಿಕೊಡುವುದೂ ಅದೇ ವಾರದಲ್ಲಿ, ಹಾಗಾಗಿ ಡಬ್ಬಿಗಳನ್ನು ಎಸೆಯಬೇಡಿ.

ಅಣ್ಣ ಮೊದಲ ದಿನವೇ ಫೋನ್ ಮಾಡಿದ: ಪ್ರೀಮಿಯರ್‌ನಲ್ಲಿ ‘ಶ್ರೀಕೃಷ್ಣ ಪಾರಿಜಾತ’ ಎಂದು ಟೈಪ್ ಮಾಡಿದರೆ ಒತ್ತಕ್ಷರಗಳು ಚೆಲ್ಲಾಪಿಲ್ಲಿ, ಕಾರ್ಡ್ ಕೆಟ್ಟಿದೆಯೇ ಎಂದು. ಕಾರ್ಡಿಗೂ ಅದಕ್ಕೂ ಸಂಬಂಧವಿಲ್ಲ. ಪ್ರಿಫರೆನ್ಸಸ್‌ನ ಗ್ರಾಫಿಕ್ಸ್ ವಿಭಾಗದಲ್ಲಿ ಟೆಕ್ಸ್ಟ್ ಎಂಜಿನ್ ಅನ್ನು ‘ಸೌತ್ ಏಷ್ಯನ್ ಅಂಡ್ ಮಿಡಲ್ ಈಸ್ಟರ್ನ್’ಗೆ ಬದಲಿಸಿ ಹೊಸ ಶೀರ್ಷಿಕೆ ಬರೆಯಲು ಹೇಳಿದೆ. ಐದು ನಿಮಿಷಕ್ಕೆ ಸ್ಕ್ರೀನ್‌ಶಾಟ್ ಬಂತು, ಒತ್ತುಗಳೆಲ್ಲ ಸ್ವಸ್ಥಾನದಲ್ಲಿ. ಹಿಂದೆಯೇ ತಮ್ಮನ ಸಂದೇಶ: ರೆಂಡರ್ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ಅಣ್ಣನನ್ನು ಸ್ವಲ್ಪ ಕೇಳಿ.